ಒರತೆಗೆ ಬಿಟ್ಟ ತಾಯಿ

ನಮ್ಮ ಬೆಟ್ಟಗಳಲ್ಲಿ ಸಾಲಮ್ಯಾಂಡರ್ ಅಂದರೆ ಜನ ಮುಖ ಮುಖ ನೋಡುತ್ತಾರೆ, ಹಲ್ಲಿಯಂತೆ ಕಾಣುವ ಈ ಕಪ್ಪೆಬಳಗದ ಜೀವಿಯನ್ನು ಒರತೆಹಲ್ಲಿ ಅನ್ನಬೇಕು. ಅದು ಬದುಕಿದ್ದರೆ ನೀರು ಶುದ್ಧ ಎಂದು ಪ್ರತಿ ಮನೆಯವರೂ ತಮ್ಮ ಒರತೆಗೆ ಒಂದನ್ನು ಹಿಡಿದು ಬಿಡುತ್ತಾರೆ. ಒರತೆಯದೇ ಬೇರೆ, ಕಾಡಿನ ಹಲ್ಲಿಯೇ ಬೇರೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಕಾಡಿನದಕ್ಕೆ ಶ್ವಾಸಕೋಶವಿಲ್ಲ, ಒದ್ದೆ ಚರ್ಮದಿಂದಲೇ ಉಸಿರಾಟ. ಮೊಟ್ಟೆ ಇಡುವುದೂ ನೆಲದ ಮೇಲೆಯೇ. ಮರಿಗಳು ಹೊಳೆ ಕೆರೆ ಕಾಣದೆ, ನಾಲ್ಕು ಕಾಲು ಮೂಡಿಸಿಕೊಂಡೇ ಹೊರಬರುತ್ತವೆ.

ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದೆ. ರಜೆಯಲ್ಲೆಲ್ಲ ಕೊಳೆತ ದಿಮ್ಮಿ ಎತ್ತಿ ಸೊಂಟ ಹೋಯಿತೇ ಹೊರತು ಅದರ ಒಂದು ಗೂಡೂ ಸಿಗಲಿಲ್ಲ. ಈ ಜೂನ್‌ನಲ್ಲಿ ಸಿಕ್ಕಿತು. ಓಡೆಲ್ ಚಿಕ್ಕಪ್ಪನ ಬೇಲಿಯಾಚೆ, ಚೆಸ್ಟ್‌ನಟ್ ದಿಮ್ಮಿಯ ಪೊಳ್ಳಿನಲ್ಲಿ ಹನ್ನೊಂದು ಮೊಟ್ಟೆ, ಸುತ್ತಿಕೊಂಡು ಮಲಗಿದ ತಾಯಿ. ಮರಿ ಹೊರಬರುವುದನ್ನು ಒಮ್ಮೆ ನೋಡಬೇಕು, ಅಷ್ಟೇ ನನ್ನ ಆಸೆ. ವಾರಕ್ಕೊಮ್ಮೆ ತೊಗಟೆ ಎತ್ತಿ, ಐದು ಎಣಿಸುವಷ್ಟು ಹೊತ್ತು ನೋಡಿ, ಮುಚ್ಚುತ್ತಿದ್ದೆ.

ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತು. ಅದೇ ಸಮಯಕ್ಕೆ ಮಂಡಿ ತೋರಿಸಲು ನಾನು ಪೇಟೆಗೆ ಹೋಗಬೇಕಾಯಿತು. "ಚರ್ಮ ಒಣಗಿದ್ರೆ ಸತ್ತೇ ಹೋಗುತ್ತೆ, ಚಿಕ್ಕಪ್ಪಾ. ಒಂದ್ ಕಣ್ಣಿಟ್ಟಿರು," ಎಂದು ಹೇಳಿ ಹೊರಟೆ.

ನಾಲ್ಕು ದಿನ ಬಿಟ್ಟು ಬಂದರೆ ತೊಗಟೆ ಅಂಗಾತ ಬಿದ್ದಿತ್ತು, ಪೊಳ್ಳು ಖಾಲಿ. ಚಿಕ್ಕಪ್ಪ ಜಗಲಿಯಲ್ಲಿ ಕೂತು, ಒಣಗಿಸಲು ಹುರುಳಿಕಾಯಿಯನ್ನು ದಾರಕ್ಕೆ ಪೋಣಿಸುತ್ತಿದ್ದ.

"ಬಂದ್ಯಾ ಆರ್ಫಾ? ನಿನ್ ಹಲ್ಲೀನ ಉಳಿಸ್ದೆ ಕಣೆ! ದಿಮ್ಮಿ ಒಣಗಿ ಪುಡಿಯಾಗಿತ್ತು. ಒರತೆಗೆ ಬಿಟ್ಟೆ."

"ಮೊಟ್ಟೆ?"

"ಅವನ್ನೂ ಬಿಟ್ಟೆ. ತಾಯಿ ಮಕ್ಕಳನ್ನ ಅಗಲಿಸೋಕಾಗುತ್ತಾ?"

"ಅಯ್ಯೋ, ಅವು ನೀರಲ್ಲಿ ಬದ್ಕಲ್ಲ ಚಿಕ್ಕಪ್ಪಾ!"

"ಒಣಗಿದ್ರೆ ಸಾಯುತ್ತೆ ಅಂದೋಳು ನೀನೇ ತಾನೆ? ನೀರಲ್ಲೂ ಸಾಯುತ್ತೆ ಅಂತ ಯಾವಾಗ್ ಹೇಳ್ದೆ?"

ನನಗೆ ಮೈಯೆಲ್ಲ ಉರಿಯಿತು. ಎಂಬತ್ತರ ಮುದುಕನನ್ನು ಬೈಯುವುದಾದರೂ ಹೇಗೆ? ಅರ್ಧ ಪಾಠ ಹೇಳಿಕೊಟ್ಟವಳು ನಾನೇ. ಒರತೆಯ ಬಳಿ ಓಡಿದೆ. ಕಲ್ಲಿನ ಸಂದಿಯಲ್ಲಿ ಬಿಳಿಚಿಕೊಂಡ ಎರಡು ಮೊಟ್ಟೆ ಸಿಕ್ಕಿಕೊಂಡಿದ್ದವು. ಉಳಿದವು ಹರಿದುಹೋಗಿದ್ದವು. ತಾಯಿಯ ಸುಳಿವೇ ಇರಲಿಲ್ಲ.

ಮೂರನೆಯ ದಿನ ಮಳೆ ಬಂತು. ಮರುಬೆಳಗ್ಗೆ, ಬೇಡ ಬೇಡವೆನ್ನುತ್ತಲೇ ದಿಮ್ಮಿಯ ಬಳಿ ಹೋದೆ. ಚಿಕ್ಕಪ್ಪನೂ ಕೋಲೂರಿಕೊಂಡು ಹಿಂದೆ ಬಂದ. ತೊಗಟೆ ಎತ್ತಿದೆ.

ಅವಳು ಬಂದಿದ್ದಳು. ಒರತೆಯಿಂದ ನೂರು ಹೆಜ್ಜೆ ಏರಿ ಬಂದು, ಅದೇ ಜಾಗದಲ್ಲಿ, ಮೊಟ್ಟೆಯೊಂದೂ ಇಲ್ಲದ ಕಡೆ ಮೈ ಸುತ್ತಿಕೊಂಡು ಮಲಗಿದ್ದಳು.

"ನಾನೇ ಮಾಡ್ದೆ ಇದನ್ನ," ಎಂದ ಚಿಕ್ಕಪ್ಪ.

ಅಂದು ನಾನು ಐದು ಎಣಿಸಲಿಲ್ಲ. ಎರಡಕ್ಕೇ ತೊಗಟೆ ಮುಚ್ಚಿದೆ.