ಡಬ್ಬಿಗೊಂದು ಎಲೆ

2016ರ ಮಾರ್ಚ್ 14, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಪ್ರಯೋಗಾಲಯದ ತಕ್ಕಡಿ ಮೂರನೆಯ ಸಲವೂ ಅದೇ ಅಂಕಿ ತೋರಿಸಿತು. ಐದು ಡಬ್ಬಿಗಳ ಕಂಬಳಿಹುಳುಗಳಿಗೆ ನಾನು ಕೊಟ್ಟ ಎಲೆಯ ಒಣ ತೂಕ ಇಪ್ಪತ್ತು ಗ್ರಾಂ. ಅವು ಹಾಕಿದ ಹಿಕ್ಕೆಯ ಒಣ ತೂಕ ಇಪ್ಪತ್ತೆರಡು.

ಎಲೆ ಬಿಸಿಲಿನಿಂದ ಕೂಡಿಟ್ಟ ಶಕ್ತಿಯಲ್ಲಿ ಎಷ್ಟು ಪಾಲು ಹುಳುವಿನ ಮೈ ಸೇರುತ್ತದೆ ಎಂಬುದು ನನ್ನ ಪ್ರಶ್ನೆ. ಹೆಚ್ಚಿನದು ಹಿಕ್ಕೆಯಲ್ಲಿ ಹೋಗುತ್ತದೆ, ಒಂದಿಷ್ಟು ಉಸಿರಾಟದಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಮಿಕ್ಕಿದ್ದೇ ಹುಳು ತಿನ್ನುವ ಹಕ್ಕಿಯ ಬುತ್ತಿ. ಆದರೆ ತಿಂದದ್ದಕ್ಕಿಂತ ಹೆಚ್ಚು ಹೊರಹಾಕುವ ಪ್ರಾಣಿ ಎಲ್ಲಿಯೂ ಇಲ್ಲ. ಮಧ್ಯಾಹ್ನದೊಳಗೆ ವರದಿ ಒಪ್ಪಿಸಬೇಕು. ತಪ್ಪು ಸಿಗದಿದ್ದರೆ ಇಡೀ ಪ್ರಯೋಗ ಕಸದ ಬುಟ್ಟಿಗೆ. ಮತ್ತೆ ಈ ಹುಳುವಿನ ಮೊಟ್ಟೆ ಸಿಗುವುದು ಮುಂದಿನ ವರ್ಷವೇ.

ಕಸ ಗುಡಿಸಲು ಬಂದ ದೊಡ್ಡಮ್ಮ (ಇಡೀ ವಿಭಾಗಕ್ಕೇ ಅವರು ದೊಡ್ಡಮ್ಮ) ನನ್ನ ಮುಖ ನೋಡಿ ಪೊರಕೆ ನಿಲ್ಲಿಸಿದರು.

“ಯಾಕೇ, ಹರಳೆಣ್ಣೆ ಕುಡಿದವಳ ಹಾಗೆ ಕೂತಿದ್ದೀಯ?”

“ದೊಡ್ಡಮ್ಮ, ಈ ಡಬ್ಬಿಗಳನ್ನ ಯಾರಾದ್ರೂ ಮುಟ್ಟಿದ್ರಾ?”

“ಇನ್ಯಾರು, ನಾನೇ. ನೀನು ಊಟಕ್ಕೆ ಹೋಗ್ತಿದ್ದೆ, ಇವು ಖಾಲಿ ಡಬ್ಬಿ ಸುತ್ತೋವು. ಕರುಳು ಚುರ್ ಅಂತು. ಕಿಟಕಿ ಹತ್ರದ ಗಿಡದಿಂದ ಎಲೆ ಹಾಕ್ದೆ.”

ನಾನು ಪೆನ್ನು ಎತ್ತಿಕೊಂಡೆ. “ಎಷ್ಟು?”

“ಡಬ್ಬಿಗೆ ಒಂದೇ. ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಮ್ಮಿ ಬಡಿಸೋಕಾಗುತ್ತಾ? ನಾಲ್ಕು ಮಕ್ಕಳನ್ನ ಸಾಕಿದವಳು ಕಣೇ ನಾನು.”

“ದಿನಾ?”

“ರಜೆ ಬಿಟ್ಟು ದಿನಾ. ಬೈತೀಯ ಅಂತ ಹೇಳ್ಲಿಲ್ಲ.”

ಹದಿನಾರು ಕೆಲಸದ ದಿನ, ಐದು ಡಬ್ಬಿ: ಎಂಬತ್ತು ಎಲೆ. ಗಿಡ ಅದೇ ಜಾತಿಯದು, ಒಂದೆಲೆಯ ಒಣ ತೂಕ ಸರಾಸರಿ 0.2 ಗ್ರಾಂ. ನನ್ನ ಲೆಕ್ಕದಿಂದ ತಪ್ಪಿಸಿಕೊಂಡದ್ದು ಹದಿನಾರು ಗ್ರಾಂ! ಆದರೆ ಬಾಯಿಮಾತನ್ನು ವರದಿಯಲ್ಲಿ ಬರೆಯಲಾಗದು. ಇಬ್ಬರೂ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಎಲೆ ಕಿತ್ತಲ್ಲಿ ಕಾಂಡದ ಮೇಲೆ ಉಳಿದ ಗುರುತುಗಳನ್ನು ಎಣಿಸಿದೆವು. ನನಗೆ ಸಿಕ್ಕಿದ್ದು ಎಪ್ಪತ್ತೊಂಬತ್ತು.

“ಕನ್ನಡಕ ಒರೆಸ್ಕೋ,” ಎಂದು ದೊಡ್ಡಮ್ಮ ಬುಡದ ಹತ್ತಿರ ಬೆರಳಿಟ್ಟರು. ಎಂಬತ್ತು.

ವರದಿಯ ಪಟ್ಟಿಯಲ್ಲಿ ‘ಮಧ್ಯಾಹ್ನದ ಎಲೆ’ ಎಂದು ಬೇರೆ ಸಾಲು ಹಾಕಿ, ಏನಾಯಿತೆಂದು ಕೆಳಗೆ ಬರೆದೆ. ಹೆಗಲ ಮೇಲಿಂದ ಇಣುಕಿದ ದೊಡ್ಡಮ್ಮ ಕೇಳಿದರು: “ಹಾಗಾದ್ರೆ ನಾನು ಹಾಕಿದ್ದೂ ಲೆಕ್ಕಕ್ಕೆ ಬಂತಾ?”

“ಬಂತು. ಇನ್ಮೇಲೆ ತೂಕ ಮಾಡಿ ಹಾಕಿ, ಅಷ್ಟೇ.”

“ತಕ್ಕಡಿ ತೋರಿಸ್ಕೊಡು ಮತ್ತೆ.”

ಹನ್ನೊಂದು ಐವತ್ತಕ್ಕೆ ಕೊನೆಯ ಸಾಲು ಬರೆದೆ. ಹುಳುಗಳು ತಿಂದ ಎಲೆ ಮೂವತ್ತಾರು ಗ್ರಾಂ; ಅವುಗಳ ಮೈತೂಕದ ಏರಿಕೆಯಿಂದ ಲೆಕ್ಕ ಹಾಕಿದರೆ, ಎಲೆಯ ಶಕ್ತಿಯಲ್ಲಿ ಮೈ ಸೇರಿದ್ದು ಶೇಕಡಾ 17.5.