ಮೂರರಲ್ಲಿ ಒಂದು ಪಾಲು

ಮಗಳು ಇಂಚರಳ ನಿಶ್ಚಿತಾರ್ಥವನ್ನು ವೆಸ್ಟ್ ಬ್ಲೂಮ್‌ಫೀಲ್ಡ್ ಹತ್ತಿರದ ಹಳೆಯ ಬಾರ್ನಿನಲ್ಲೇ ಮಾಡಬೇಕೆಂದು ಹಟ ಹಿಡಿದವರು ರಘೋತ್ತಮ. ಅಂದಿನಿಂದ ಹೆಂಡತಿ ಕೌಸಲ್ಯಾ ಆಡಿದ್ದು ಒಂದೇ ಮಾತು.

"ಬೀಗರು ಲೊಂಬಾರ್ಡ್ ಊರಿಂದ ಅಷ್ಟು ದೂರ ಡ್ರೈವ್ ಮಾಡ್ಕೊಂಡು ಬರೋದು ದನದ ಕೊಟ್ಟಿಗೆ ನೋಡೋಕಾ?"

"ಮೂರರಲ್ಲಿ ಒಂದು ಪಾಲಷ್ಟೇ ಕೊಟ್ಟಿಗೆ."

ಲೆಕ್ಕ ಸರಿಯಾಗಿಯೇ ಇತ್ತು. ಇಂಗ್ಲಿಷ್ ಮೂಲದ ರೈತರು ತಮ್ಮ ಹಿರಿಯರ ಮಾದರಿಯಲ್ಲಿ ಕಟ್ಟಿಕೊಂಡ ಬಾರ್ನು ಅದು. ಮೂರು ಅಂಕಣ: ಒಂದರಲ್ಲಿ ದನ, ಇನ್ನೊಂದರಲ್ಲಿ ಹುಲ್ಲು, ನಡುವೆ ಗೋಧಿ ಬಡಿಯುವ ಹಲಗೆಯ ನೆಲ. ನಡು ಅಂಕಣಕ್ಕೆ ಎದುರುಬದುರು ಎರಡು ದೊಡ್ಡ ಬಾಗಿಲು. ಮರದ ಗೂಟ ಹೊಡೆದು ಕೂಡಿಸಿದ ಓಕ್ ತೊಲೆಗಳ ಮೇಲೆ, ಯಾವುದಕ್ಕೆ ಯಾವುದು ಜೋಡಿ ಎಂದು ಬಡಗಿ ಉಳಿಯಲ್ಲಿ ಕೆತ್ತಿದ ಗುರುತುಗಳು ಇನ್ನೂ ಇದ್ದವು. ನಿಶ್ಚಿತಾರ್ಥಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಎನ್ನುವುದು ರಘೋತ್ತಮರ ವಾದ. ಬೀಗರೂ ಹಾಗೆಯೇ ಅಂದುಕೊಂಡರೆ ಸರಿ, ಇಲ್ಲವಾದರೆ ಮಾನ ಹೋದಂತೆಯೇ.

ನಿಶ್ಚಿತಾರ್ಥದ ದಿನ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಕೆ. ಕೌಸಲ್ಯಾ ನಡು ಅಂಕಣದಲ್ಲಿ ಬೆಳಗಿನಿಂದ ಕೂತು ರಂಗೋಲಿ ಬಿಟ್ಟಿದ್ದರು. ಬೀಗರ ಕಾರು ಹೆದ್ದಾರಿಯಿಂದ ಎಕ್ಸಿಟ್ ತಗೊಂಡಿತೆಂದು ಫೋನ್ ಬಂದದ್ದೇ, ಬೆವರು ಒರೆಸುತ್ತ ರಘೋತ್ತಮ ಎರಡೂ ಬಾಗಿಲು ತೆರೆದರು. ಪಡುವಣ ಗಾಳಿ ನುಗ್ಗಿತು. ರಂಗೋಲಿ ಎದ್ದು ಪೂರ್ವದ ಬಾಗಿಲಿನಿಂದ ಹೊರಟುಹೋಯಿತು.

"ಗಾಳೀಲಿ ಕಾಳು ತೂರೋಕೆ ಎರಡು ಬಾಗಿಲು ಇಟ್ಟಿದಾರೆ ಅಂತ ವಾರದಿಂದ ಲೆಕ್ಚರ್ ಕೊಟ್ಟೋರು ಯಾರು?" ಕೌಸಲ್ಯಾ ಕೇಳಿದರು.

"ನಾನೇ."

"ನನ್ನ ರಂಗೋಲಿ ತೂರಿದೋರು?"

"ಅದೂ ನಾನೇ."

"ಡ್ಯಾಡ್, ಜಸ್ಟ್ ಕ್ಲೋಸ್ ಇಟ್," ಎಂದಳು ಇಂಚರ.

ಮುಚ್ಚಿದರೆ ರೇಷ್ಮೆ ಸೀರೆಯವರೆಲ್ಲ ಇಡ್ಲಿಯಂತೆ ಬೇಯಬೇಕು. ಆಗ ರಘೋತ್ತಮರ ಕಣ್ಣು ಬಾಗಿಲ ಕಂಬಗಳ ಬುಡದಲ್ಲಿ ಕೊರೆದಿದ್ದ ಸೀಳುಗಳ ಮೇಲೆ ಬಿತ್ತು. ಬಡಿಯುವಾಗ ಕಾಳು ಹೊರಗೆ ಸಿಡಿಯದಂತೆ ಅಡ್ಡ ಇಳಿಸುವ ಹಲಗೆಯ ಜಾಗ. ಹಲಗೆ ಕೊಟ್ಟಿಗೆಯ ಮೂಲೆಯಲ್ಲೇ ಒರಗಿತ್ತು. ಪಡುವಣ ಬಾಗಿಲಿಗೆ ಇಳಿಸಿದರು, ಮೊಣಕಾಲೆತ್ತರಕ್ಕೆ ಸರಿಯಾಗಿ ಕೂತಿತು. ಗಾಳಿ ಅದರ ಮೇಲಿಂದ ಹಾಯ್ದುಹೋಯಿತು. ಹಲಗೆಯ ಮರೆಯಲ್ಲಿ ಕೌಸಲ್ಯಾ ಚಿಟಿಕೆ ಪುಡಿ ಬಿಟ್ಟು ನೋಡಿದರು, ನೆಟ್ಟಗೆ ಬಿತ್ತು. ಪುಟ್ಟದೊಂದು ಪದ್ಮ ಬರೆದು, ಹಲಗೆಗೂ ಅರಿಶಿನ ಕುಂಕುಮ ಇಟ್ಟರು. ಅದೀಗ ಹೊಸಿಲಾಯಿತು.

ಕಾರಿನಿಂದಿಳಿದು ಬಂದ ಗಂಡಿನ ತಾಯಿ ನಿರುಪಮಾ ಹಲಗೆಯ ಆಚೆ ನಿಂತು ಒಳಗೆಲ್ಲ ಕಣ್ಣಾಡಿಸಿದರು. ರಘೋತ್ತಮ ಗಂಟಲು ಸರಿಮಾಡಿಕೊಂಡು ಭಾಷಣಕ್ಕೆ ಸಿದ್ಧರಾದರು. ಅಷ್ಟರಲ್ಲಿ ಆಕೆ ಚಪ್ಪಲಿ ಬಿಟ್ಟರು.

"ಪರವಾಗಿಲ್ಲ, ಹಾಕ್ಕೊಂಡೇ ಬನ್ನಿ," ಎಂದರು ರಘೋತ್ತಮ.

"ಇದು ಕಣ ಅಲ್ವಾ? ಕಣದೊಳಗೆ ಚಪ್ಪಲಿ ಮೆಟ್ಟಿದ್ರೆ ನಮ್ಮಜ್ಜಿ ಸುಮ್ನೆ ಬಿಡ್ತಿರ್ಲಿಲ್ಲ." ಸೀರೆಯ ನೆರಿಗೆ ಹಿಡಿದು ಹಲಗೆ ದಾಟಿ, ತೊಲೆಗಳತ್ತ ತಲೆಯೆತ್ತಿದರು. "ಎಷ್ಟು ಚೆನ್ನಾಗಿ ಹುಡುಕಿದೀರಿ. ದನ ಯಾವ ಕಡೆ ಕಟ್ತಿದ್ರು?"

ಉತ್ತರ ಕೌಸಲ್ಯಾರಿಂದ ಬಂತು. "ಆ ಕಡೆ. ಮೂರರಲ್ಲಿ ಒಂದು ಪಾಲಷ್ಟೇ."

ರಘೋತ್ತಮ ಮೆಲ್ಲನೆ ಬಗ್ಗಿ ತಮ್ಮ ಶೂಗಳ ಲೇಸು ಬಿಚ್ಚತೊಡಗಿದರು.