ಹಳೆಯ ಅಳತೆ

ಕ್ರೇನ್ ನಡೆಸುವವನ ಗೊರಕೆಯೆಂದರೆ ಮನೆಯಲ್ಲಿ ದಿನನಿತ್ಯದ ತಮಾಷೆ. "ನಿನ್ನ ಗಂಡ ಮಲಗಿದ್ರೂ ಎಂಜಿನ್ ಆರಿಸಲ್ಲ ಕಣೇ" ಎಂದು ಅತ್ತೆಯೇ ಸೊಸೆಯನ್ನು ರೇಗಿಸುತ್ತಿದ್ದರು. ಆ ಮಧ್ಯಾಹ್ನ ಬಟ್ಟೆ ಒಣಹಾಕಿ ಒಳಗೆ ಬಂದ ಸೊಸೆಗೆ ಆ ಸದ್ದು ಬೇರೆಯಾಗಿ ಕೇಳಿಸಿತು. ಗಂಟಲಲ್ಲಿ ನೀರು ಸಿಕ್ಕಿಕೊಂಡಂತೆ ಒಮ್ಮೆ ಗೊರ್ ಎಂದಿತು. ಆಮೇಲೆ ಏನೂ ಇಲ್ಲ. ಅವಳೂ ಉಸಿರು ಬಿಗಿಹಿಡಿದು ಕಾದಳು. ಎಷ್ಟೋ ಹೊತ್ತಿಗೆ ಇನ್ನೊಂದು.

"ರೀ, ಏಳ್ರೀ!"

ತುಟಿ ನೇರಳೆಗೆ ತಿರುಗಿತ್ತು. ರೆಪ್ಪೆ ಎತ್ತಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ದಿಂಬಿನ ಪಕ್ಕ ಮಾತ್ರೆಯ ಖಾಲಿ ಹಾಳೆ ಬಿದ್ದಿತ್ತು.

ಕೆಲಸದಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾದಾಗ ವೈದ್ಯರೇ ಬರೆದುಕೊಟ್ಟ ನೋವಿನ ಮಾತ್ರೆ ಅದು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಒಂದಿದ್ದದ್ದು ಹಿಡಿಯಾಯಿತು. ಕಡೆಗೆ ಹೆಂಡತಿಯ ಕಣ್ಣೀರಿಗೆ ಸೋತು, ಬೆವರಿ, ನಡುಗಿ, ವಾಂತಿ ಮಾಡಿಕೊಂಡು, ಹಲ್ಲುಕಚ್ಚಿ ಬಿಟ್ಟಿದ್ದ. ಗಂಡಾಂತರ ಕಳೆಯಿತೆಂದು ಅವಳು ನೆಮ್ಮದಿಯಾಗಿದ್ದಳು.

ಆಂಬುಲೆನ್ಸಿಗೆ ಫೋನು ಮಾಡಿದ ಸೊಸೆಯ ಕೈ ಹಿಡಿದು ಅತ್ತೆ ಪಿಸುಗುಟ್ಟಿದರು: "ಮಾತ್ರೆ ವಿಷಯ ಬಾಯಿಬಿಡಬೇಡ. ಲೈಸೆನ್ಸ್ ಕಿತ್ಕೋತಾರೆ. ಊಟ ಬಿಟ್ಟಿದ್ದ, ತಲೆ ಸುತ್ತಿ ಬಿದ್ದ ಅನ್ನು."

ಆಂಬುಲೆನ್ಸಿನ ನರ್ಸ್ ಬಂದವಳೇ ಮುಖಕ್ಕೆ ಮಾಸ್ಕ್ ಒತ್ತಿ ಗಾಳಿ ತುಂಬುತ್ತ ಕೇಳಿದಳು: "ಏನು ತಗೊಂಡಿದಾರೆ?"

"ಏನೂ ಇಲ್ಲಮ್ಮ, ಹೊಟ್ಟೆ ಖಾಲಿ..." ಅತ್ತೆ ಶುರುಮಾಡಿದರು.

ಸೊಸೆ ಸೆರಗಿನ ಮರೆಯಿಂದ ಆ ಹಾಳೆ ತೆಗೆದು ನರ್ಸಿನ ಮುಂದೆ ಹಿಡಿದಳು. "ಇದು. ಪೂರ್ತಿ." ಅತ್ತೆಯ ನೋಟ ಬೆನ್ನು ಸುಡುತ್ತಿತ್ತು.

ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ಅವನು ಮುಳುಗಿ ಎದ್ದವನಂತೆ ಏದುಸಿರು ಬಿಟ್ಟ. ಆಸ್ಪತ್ರೆ ತಲುಪುವಷ್ಟರಲ್ಲಿ ಕೆಂಡವಾಗಿದ್ದ. "ನಂಗೇನಾಗಿದೆ? ಮೊದಲೂ ಇಷ್ಟೇ ತಿಂತಿದ್ದೆ. ನಡಿ ಮನೆಗೆ."

"ಆಗ ನಿಮ್ಮ ಮೈ ಅದಕ್ಕೆ ಒಗ್ಗಿಹೋಗಿತ್ತು" ಎಂದರು ವೈದ್ಯೆ. "ಬಿಟ್ಟ ಮೇಲೆ ಆ ತಾಕತ್ತು ಹೋಯ್ತು. ಹಳೇ ಅಳತೆನೇ ಈಗ ವಿಷ. ಮಿದುಳಿಗೆ ಉಸಿರಾಡೋದೇ ಮರೆತುಹೋಗುತ್ತೆ. ನಮ್ಮ ಸೂಜಿಮದ್ದಿನ ಪರಿಣಾಮ ಬೇಗ ಇಳಿದುಹೋಗುತ್ತೆ, ಮಾತ್ರೆ ಇನ್ನೂ ಒಳಗೇ ಇರುತ್ತೆ. ಇಲ್ಲೇ ಇರಿ."

ಅವರು ಅತ್ತ ಹೋದದ್ದೇ ತಡ, ಅವನು ಅಂಗಿ ತೊಟ್ಟು ಬಾಗಿಲಿಗೆ ಬಂದ. ಹೆಂಡತಿ ಅಡ್ಡ ನಿಂತಳು.

"ಸರಿ ದೂರ. ನನ್ನ ಮಾನ ಹರಾಜು ಹಾಕಿದ್ದು ಸಾಲದಾ?"

"ಬಿಡೇ, ಮನೇಲೇ ಮಲಗಲಿ" ಎಂದರು ಅತ್ತೆ.

"ಹೋಗೋದಾದ್ರೆ ನನ್ನ ತುಳ್ಕೊಂಡು ಹೋಗಿ." ಬಾಗಿಲ ಚೌಕಟ್ಟು ಹಿಡಿದ ಅವಳ ಕೈ ಸಡಿಲಾಗಲಿಲ್ಲ.

ಅವನು ಅವಳ ಕೈ ಕೀಳಹೋದ. ಬೆರಳಲ್ಲಿ ಬಲವಿರಲಿಲ್ಲ. ಇನ್ನೇನೋ ಬೈಯಲು ಹೊರಟ ಮಾತು ನಾಲಿಗೆಯಲ್ಲೇ ತೊದಲಿತು. ರೆಪ್ಪೆ ಜೋತುಬಿತ್ತು. ಗೋಡೆಗೆ ಒರಗಿ, ಮೆಲ್ಲಗೆ ಜಾರಿ, ನೆಲಕ್ಕೆ ಕುಸಿದ. ಎದೆ ಅಲುಗುತ್ತಿರಲಿಲ್ಲ.

"ಡಾಕ್ಟ್ರೇ!" ಎಂದು ಕಿರುಚಿದ್ದು ಅತ್ತೆ.

ಮತ್ತೆ ಮಾಸ್ಕ್, ಮತ್ತೆ ಸೂಜಿ. ಉಸಿರು ಮರಳಿದಾಗ ಅತ್ತೆ ಸೊಸೆಯ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡು, "ನಾನು ಮನೆಗೆ ಕರ್ಕೊಂಡು ಹೋಗಿಬಿಡ್ತಿದ್ದೆನಲ್ಲೇ" ಎಂದು ಬಿಕ್ಕಿದರು.

ಮಾರನೆಯ ದಿನ ಅವನೇ ಮೇಲ್ವಿಚಾರಕನಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದ. ಚಿಕಿತ್ಸೆ ಮುಗಿಯುವ ತನಕ ಕ್ರೇನ್ ಮುಟ್ಟುವ ಹಾಗಿಲ್ಲ ಎಂದಾಯಿತು. ಫೋನು ಇಟ್ಟು ಹೆಂಡತಿಯತ್ತ ತಿರುಗಿದ.

"ಕೈ ನೋವಾಯ್ತಾ?"

ಅವಳು ಮಂಚದ ಅಂಚಿಗೆ ಕೂತು ಅವನ ಎದೆಯ ಏರಿಳಿತವನ್ನೇ ನೋಡುತ್ತಿದ್ದಳು.